ಮುಲುಂಡಿನ ಮುಚ್ಚಿದ ಕಾಲುವೆ

ಮುಂಬಯಿಯ ಮುಲುಂಡಿನ ಹಳೆಯ ಕಾಲುವೆಯನ್ನು ಮತ್ತೆ ಅಗೆದು ನೀರು ಹರಿಸಲಿದ್ದಾರೆ. ನಿನ್ನೆಯ ಮರಾಠಿ ಪತ್ರಿಕೆ ವರದಿ ಮಾಡಿದೆ. ಇಂದು ಹೋಗಿ ನೋಡಿದೆ. ಮಣ್ಣು ಪರೀಕ್ಷೆಗೆ ತೋಡಿದ ಗುಂಡಿಯಿಂದ ಅದೇ ಕಪ್ಪು ಕೆಸರಿನ ವಾಸನೆ ಬಂತು.

ನಾನು ಚಿಕ್ಕವನಿದ್ದಾಗ ಅಲ್ಲಿ ಉಪ್ಪಿನ ದೋಣಿಗಳು ಬರುತ್ತಿದ್ದವು. ಆಮೇಲೆ ದೋಣಿ ನಿಂತು, ಕಾಲುವೆ ಮುಚ್ಚಲು ಲಾರಿಗಳು ಮಣ್ಣು ಸುರಿಯತೊಡಗಿದವು. ಆ ಮಣ್ಣು ಹರಡುವುದೇ, ಒಂದೊಂದು ಕೋಣೆಯ ಖೋಲಿಗಳ ಸಾಲಾದ ನಮ್ಮ ಚಾಳಿನ ವಿಜಾಪುರದ ಗಂಡಸರ ಕೂಲಿ. ಸಂಜೆ ಎಷ್ಟು ತಿಕ್ಕಿ ತೊಳೆದರೂ ಅವರ ಉಗುರುಗಳು ಕಪ್ಪಾಗಿಯೇ ಇರುತ್ತಿದ್ದವು. ಒಂದು ಮಳೆಗಾಲದಲ್ಲಿ ದಂಡೆ ಜರಿದು, ಪಕ್ಕದ ಖೋಲಿಯ ಯಲ್ಲವ್ವನ ಗಂಡ ಸಿದ್ದಪ್ಪ ಕೆಸರಿನೊಳಗೆ ಹೋದ. ಬಿದಿರಿನ ಗಳ ಹಾಕಿ ಹುಡುಕಿದರು, ಸಿಗಲಿಲ್ಲ. ಮಳೆ ಬಿಟ್ಟ ಕೂಡಲೇ ಗುತ್ತಿಗೆದಾರ ಅದೇ ಜಾಗದಲ್ಲಿ ಲಾರಿಗಟ್ಟಲೆ ಮಣ್ಣು ಸುರಿಸಿದ.

ಚಾಳಿನ ಹೆಂಗಸರು ಬಳೆ ಒಡೆಸಲು ಬಂದಾಗ ಯಲ್ಲವ್ವ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.

“ಗಂಡ ಸತ್ತಮ್ಯಾಲೂ ಬಳಿ ಬೇಕೇನ ನಿನಗ?” ಎಂದು ನಮ್ಮಜ್ಜಿ ಗದರಿದಳು.

“ಹೆಣ ತೋರಸ್ರಿ ಆಯೀ, ನಾನ ಒಡಕೋತೀನಿ. ಅವಗ ಮಣ್ಣು ನಾವು ಕೊಡಬೇಕಿತ್ತು, ಲಾರಿ ಅಲ್ಲ.”

ಯಲ್ಲವ್ವ ಈಗ ಮುದುಕಿ, ಅದೇ ಖೋಲಿಯಲ್ಲಿದ್ದಾಳೆ, ಕೈಯಲ್ಲಿ ಬಳೆ ಇನ್ನೂ ಇವೆ. ಇಂದು ಸಂಜೆ ಅವಳಿಗೆ ಸುದ್ದಿ ಓದಿ ಹೇಳಿದೆ.

“ಎಲುಬಾದ್ರೂ ಸಿಕ್ಕಾವೇನೋ ತಮ್ಮಾ?” ಎಂದು ಕೇಳಿದಳು.

ಅಗೆತ ಸೋಮವಾರ ಬೆಳಿಗ್ಗೆ ಶುರುವಾಗುತ್ತದೆ.