ಕಂಪನಿ ಬಿಟ್ಟುಹೋದ ಕಾರು

ಕಾರು ಕೊಳ್ಳುವ ಮುಂಚೆ ನಾನು ಒಂದು ಇಡೀ ಮಳೆಗಾಲ ಯೋಚಿಸಿದ್ದೆ. ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟವನಿಗೆ ಕಾಯುವುದೇನೂ ಕಷ್ಟವಲ್ಲ. ಕಾಯಿಯನ್ನು ಅಟ್ಟಕ್ಕೆ ಹಾಕಿ, ವರ್ಷ ಸುಮ್ಮನಿದ್ದು, ಆಮೇಲೆ ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಗಡಗಡ ಅಂದರೆ ಮಾತ್ರ ಒಡೆಯುವ ಜನ ನಾವು. ಕಾರನ್ನೂ ಹಾಗೇ ಆರಿಸಿದೆ. ಹೊಸದಾಗಿ ಬಂದ ಮಾಡೆಲ್ ಬೇಡ, ಅದಕ್ಕೆ ಏನೇನು ಕಾಯಿಲೆ ಇದೆಯೋ ಮಾಡಿದವರಿಗೇ ಗೊತ್ತಿರುವುದಿಲ್ಲ. ಹಳೆಯದು, ಪಳಗಿದ್ದು ಬೇಕು.

ಅಮೆರಿಕದ ಕಂಪನಿಯೊಂದರ ಸಣ್ಣ ಕಾರು ವರ್ಷಗಳಿಂದ ರಸ್ತೆಯಲ್ಲಿತ್ತು. ಅಮೆರಿಕದವರೆಂದರೆ ದೋಣಿಯಷ್ಟುದ್ದದ ಕಾರು ಮಾಡುವವರು, ಅದಕ್ಕೆ ಕೊಡಗಟ್ಟಲೆ ಪೆಟ್ರೋಲು ಕುಡಿಸುವವರು ಎಂದು ನಾನು ತಿಳಿದಿದ್ದೆ. ಇದು ಮಾತ್ರ ನಮ್ಮಂಥವರ ಜೇಬು ಮುಟ್ಟಿ ನೋಡಿ ಮಾಡಿದಂತಿತ್ತು. ತಯಾರಾಗುತ್ತಿದ್ದದ್ದೂ ನಮ್ಮ ದೇಶದಲ್ಲೇ. ಮೊದಲು ಗುಂಡು ಮುಖದ್ದು ಬಂತು. ಆಮೇಲೆ ಮುಖ ಚೂಪಾಯಿತು. ನಡುವೆ ಹಿಂದೊಂದು ಡಿಕ್ಕಿ ಅಂಟಿಸಿ ಅದನ್ನೇ ದೊಡ್ಡ ಕಾರೆಂದು ಮಾರಿದರು. ಡೀಸೆಲ್ಲಿನದು ಬಂತು, ಪೆಟ್ರೋಲಿನ ಇಂಜಿನ್ನು ಹೊಸದಾಯಿತು. ಇಷ್ಟೆಲ್ಲ ತಿದ್ದಿ ತೀಡಿದ ಮೇಲೆ ಇನ್ನೇನು ಐಬು ಉಳಿದಿರುತ್ತದೆ ಎಂದು ಧೈರ್ಯ ಮಾಡಿ ಪೆಟ್ರೋಲಿನದನ್ನು ಕೊಂಡೆ. ಕೊಂಡು ವರ್ಷ ತುಂಬುವ ಮೊದಲೇ, ಇನ್ನು ಮುಂದೆ ಇಲ್ಲಿ ಕಾರು ತಯಾರಿಸುವುದಿಲ್ಲ ಎಂದು ಕಂಪನಿ ಹೇಳಿಬಿಟ್ಟಿತು.

ಮಂಡಿಯಲ್ಲಿ ಕೂತು ಪೇಪರಿನಲ್ಲಿ ಅದನ್ನು ಓದಿದವನೇ ಹೆಂಡತಿಗೆ ಫೋನ್ ಮಾಡಿದೆ. ಅವಳು ಹಳೇಬೀಡಿನ ಆಚೆ ಒಂದು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ನರ್ಸು.

"ಕಾರು ಮಾಡೋದು ನಿಲ್ಲಿಸಿಬಿಟ್ರಂತೆ ಕಣೇ."

"ನಮ್ಮ ಕಾರು ವಾಪಸ್ ಕೇಳಿದಾರಾ?"

"ಇಲ್ಲ."

"ಮತ್ತೆ ಇಡ್ರೀ ಫೋನು. ಮಗೂಗೆ ಇಂಜೆಕ್ಷನ್ ಕೊಡ್ತಿದೀನಿ."

ಕಾರು ಇರುವುದು ನನ್ನ ಹೆಸರಿನಲ್ಲಿ, ಓಡಿಸುವವಳು ಅವಳು. ಲೈಸೆನ್ಸು ನನಗೂ ಇದೆ. ಕೊಂಡ ಹೊಸತರಲ್ಲಿ ಜಾವಗಲ್ ರಸ್ತೆಯಲ್ಲಿ ಎದುರಿಗೆ ತೆಂಗಿನ ಸಿಪ್ಪೆ ತುಂಬಿದ ಟ್ರ್ಯಾಕ್ಟರೊಂದು ಬಂದಾಗ, ಅದು ಹೋಗಲಿ ಎಂದು ನಾನು ನಡುರಸ್ತೆಯಲ್ಲೇ ನಿಲ್ಲಿಸಿಕೊಂಡು ಕೂತೆ. ಟ್ರ್ಯಾಕ್ಟರಿನವನು ಇಳಿದು ಬಂದು, "ಏನ್ಲಾ, ನಾನೇನ್ ನಿನ್ನ ತಲೆ ಮ್ಯಾಲೆ ಹಾರಿ ಹೋಗ್ಲಾ?" ಎಂದ. ಅವತ್ತಿನಿಂದ ನಾನು ಪಕ್ಕದ ಸೀಟು. ಅವಳು ಡ್ರೈವಿಂಗ್ ಸ್ಕೂಲಿಗೆ ಸೇರಿ, ನಲವತ್ತೇಳನೆಯ ವಯಸ್ಸಿನಲ್ಲಿ ಕಲಿತಳು. ಕುಳ್ಳಿ. ಸೀಟನ್ನು ಪೂರ್ತಿ ಮುಂದಕ್ಕೆಳೆದು, ಸ್ಟೇರಿಂಗಿಗೆ ಎದೆ ತಾಗುವಂತೆ ಕೂತು ಓಡಿಸುತ್ತಾಳೆ. ಮೊದಲ ದಿನ ಒಬ್ಬಳೇ ಹಳೇಬೀಡು ದಾಟಿ ಹೋಗಿ, ಫೋನ್ ಮಾಡಿ "ಬಂದೆ" ಎಂದಳು. ಅಷ್ಟೇ. ಆ ಒಂದು ಮಾತಿನಲ್ಲಿದ್ದ ಗತ್ತನ್ನು ನಾನು ಮದುವೆಯಾದಾಗಿನಿಂದ ಕೇಳಿರಲಿಲ್ಲ.

ಬಸ್ಸಿನ ಕಾಲದಲ್ಲಿ ಅವಳ ಕೆಲಸವೆಲ್ಲ ಗಡಿಯಾರದ ಮುಖ ನೋಡಿಕೊಂಡೇ ನಡೆಯುತ್ತಿತ್ತು. ಸಂಜೆಯ ಬಸ್ಸು ತಪ್ಪಿದರೆ ಹಳೇಬೀಡಿನಲ್ಲಿ ನಿಂತು ಹಾದುಹೋಗುವ ಟೂರಿಸ್ಟ್ ಗಾಡಿಗಳನ್ನು ಎಣಿಸಬೇಕಿತ್ತು. ಕಾರು ಬಂದ ಮೇಲೆ, ಡ್ಯೂಟಿ ಮುಗಿಸಿ ಬಾಣಂತಿಯರ ಮನೆಗಳಿಗೂ ಒಂದು ಸುತ್ತು ಹಾಕಿ ಬರತೊಡಗಿದಳು. ಯಾರೂ ಹೇಳಿದ್ದಲ್ಲ, ಅವಳಿಗೆ ಬೇಕೆನಿಸಿತು, ಅಷ್ಟೇ.

ನನಗೆ ಮಾತ್ರ ನೆಮ್ಮದಿಯಿಲ್ಲ. ಬಿಡಿಭಾಗಗಳು ಇನ್ನೂ ವರ್ಷಗಟ್ಟಲೆ ಸಿಗುತ್ತವೆ ಎಂದು ಕಂಪನಿ ಹೇಳಿತ್ತು. ಊರು ಬಿಟ್ಟವನು "ಬತ್ತಾ ಇರ್ತೀನಿ" ಅನ್ನುವುದನ್ನು ಯಾರು ನಂಬುತ್ತಾರೆ? ಹಾಸನದಲ್ಲಿ ನಾವು ಕಾರು ಕೊಂಡ ಶೋರೂಮಿನ ಮೇಲೆ ಬೇರೆ ಬೋರ್ಡು ಬಂತು. ಒಮ್ಮೆ ಎಡಗಡೆಯ ಕನ್ನಡಿ ಒಡೆದು, ಹೊಸದು ಬರಲು ವಾರಗಟ್ಟಲೆ ಹಿಡಿಯಿತು. ಇವತ್ತು ಕನ್ನಡಿ, ನಾಳೆ ಬ್ರೇಕು. ಅವಳೊಬ್ಬಳೇ ಜಾವಗಲ್ಲಿನ ಆಚೆ ನಿಂತುಹೋದರೆ? ಅವಳು ಮನೆಗೆ ಬರುವ ತನಕ ಮಂಡಿಯಲ್ಲಿ ನಾನು ತೂಕದ ಮೇಲೆ ಕಣ್ಣಿಟ್ಟು ಕಿವಿಯನ್ನು ಫೋನಿಗೆ ಕೊಟ್ಟಿರುತ್ತಿದ್ದೆ.

ಈಚೆಗೆ ಅರೇಹಳ್ಳಿಯ ಕಾಫಿ ಬೆಳೆಗಾರರೊಬ್ಬರು, ನಮ್ಮ ಮಂಡಿಯವರ ಕಡೆಯಿಂದ ನಂಬರು ತೆಗೆದುಕೊಂಡು ಫೋನ್ ಮಾಡಿದರು. ಅವರದೂ ಅದೇ ಕಾರಂತೆ. "ನಿಮ್ಮದು ಕೊಡೋ ಹಂಗಿದ್ರೆ ನಂಗೇ ಕೊಡಿ ಅಣ್ಣ, ಬೇರೆಯವರಿಗೆ ಬ್ಯಾಡ" ಎಂದರು. ನನಗೆ ದೇವರೇ ಫೋನ್ ಮಾಡಿದಂತಾಯಿತು. ಇನ್ನೊಂದು ಕಾರಿಗೆ ಸದ್ಯಕ್ಕೆ ಕೈ ಹಾಕುವಂತಿರಲಿಲ್ಲ. ಅದಕ್ಕೆ ಹೆಂಡತಿಗೆ, "ಸ್ವಲ್ಪ ದಿನ ಬಸ್ಸಿಗೆ ಹೋದರಾಯ್ತು" ಎಂದೆ.

ರಾಗಿ ಮುದ್ದೆ ತೊಳಸುತ್ತಿದ್ದವಳು ತಿರುಗಲಿಲ್ಲ. "ನಿಮ್ಮ ಹೆಸರಲ್ಲಿದೆ. ಮಾರ್ಕೊಳ್ಳಿ."

ಆ ಬೆನ್ನು ನೋಡಿದ ಮೇಲೆ ನಾನು ನಿರ್ಧಾರವನ್ನು ಮನೆದೇವರ ಮೇಲೆ ಹಾಕಿದೆ. ನಮ್ಮಲ್ಲಿ ದೇವರನ್ನು ಹೂ ಕೇಳುವುದುಂಟು. ಪೂಜಾರಿ ವಿಗ್ರಹದ ಎರಡೂ ಕಡೆ ಒದ್ದೆ ಹೂ ಅಂಟಿಸುತ್ತಾರೆ, ನಾವು ಮನಸ್ಸಿನಲ್ಲಿ ಕೇಳಿಕೊಳ್ಳುತ್ತೇವೆ. ಬಲಗಡೆಯದು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಬೇಡ. ಭಾನುವಾರ ಅದೇ ಕಾರಿನಲ್ಲಿ ಹೋದೆವು, ಅವಳೇ ಓಡಿಸಿದಳು.

ಮಾರಬಹುದೇ ಎಂದು ಕೇಳಿಕೊಂಡೆ. ಬಲಗಡೆಯ ಹೂ ತಟ್ಟನೆ ಬಿತ್ತು. ಇಷ್ಟು ಬೇಗ ಬಿತ್ತಲ್ಲ ಎಂದು ದಿಗಿಲಾಯಿತು. "ಇನ್ನೊಂದ್ಸಲ" ಎಂದೆ. ಪೂಜಾರಿ ಹೂ ಅಂಟಿಸಿದರು. ಈ ಸಲ ಇಟ್ಟುಕೊಳ್ಳಬಹುದೇ ಎಂದು ಕೇಳಿಕೊಂಡೆ. ಅದಕ್ಕೂ ಬಲಗಡೆಯದೇ ಬಿತ್ತು.

"ಏನ್ ಕೇಳ್ಕೊಂಡ್ರಿ?" ಎಂದರು ಪೂಜಾರಿ, ನನ್ನ ಮುಖ ನೋಡಿ. ಹೇಳಿದೆ.

"ನಿಮ್ಮಪ್ಪನೂ ಹಿಂಗೇಯ. ಒಂದು ಹಸು ಮಾರಕ್ಕೆ ಮೂರು ಸಲ ಹೂ ಕೇಳಿದ್ರು. ಗಂಡ ಹೆಂಡ್ತಿ ವ್ಯವಹಾರಕ್ಕೆ ಅವನನ್ನ ಎಳೀಬ್ಯಾಡಿ, ಮನೇಲಿ ಮಾತಾಡ್ಕಳಿ."

ಹೆಂಡತಿ ಸೆರಗು ಬಾಯಿಗೆ ಅಡ್ಡ ಹಿಡಿದಳು. ಕಾರಿನ ಹತ್ತಿರ ಬಂದಾಗ ನಗು ನಿಂತಿತ್ತು. "ಕೊಡೋದಾದ್ರೆ ಅರೇಹಳ್ಳಿಗೆ ನೀವೇ ಓಡಿಸ್ಕೊಂಡು ಹೋಗಿ ಕೊಟ್ಟು ಬನ್ನಿ. ನನ್ನ ಕೈಲಾಗಲ್ಲ" ಎಂದಳು.

ಮಾರನೆಯ ದಿನ ಹೊರಟೆ. ಆರೋಗ್ಯ ಕೇಂದ್ರದ ತನಕ ಅವಳು ಪಕ್ಕದಲ್ಲಿದ್ದಳು. ನಾನು ಗೇರು ಬದಲಿಸಿದಾಗಲೆಲ್ಲ ಅವಳ ಎಡಗಾಲು ತಾನಾಗಿ ನೆಲ ಒತ್ತುತ್ತಿತ್ತು. ಇಳಿದವಳು ಒಂದು ಕ್ಷಣ ಬಾಗಿಲು ಹಿಡಿದು ನಿಂತಳು. "ಬೇಲೂರಲ್ಲಿ ಬಸ್‌ಸ್ಟ್ಯಾಂಡ್ ಹತ್ರ ಹುಷಾರು" ಎಂದು ಒಳಗೆ ಹೋದಳು. ಅಲ್ಲಿಂದ ಅರೇಹಳ್ಳಿಯ ತನಕ ನಾನು ಹೇಗೆ ಹೋದೆನೋ ಹಿಂದಿನಿಂದ ಹಾರನ್ ಹೊಡೆದವರಿಗೇ ಗೊತ್ತು.

ಬೆಳೆಗಾರರು ಒಳ್ಳೆಯ ಮನುಷ್ಯರು. ಬಂದವನಿಗೆ ಮೊದಲು ಕಾಫಿ, ಆಮೇಲೆ ಕಡುಬು, ಆಮೇಲೆ ಮಾತು. ಕಾಫಿ ಒಣಗಿಸುವ ಕಣದ ಪಕ್ಕದ ಶೆಡ್ಡಿಗೆ ಕರೆದುಕೊಂಡು ಹೋದರು. ಅಲ್ಲಿ ಅವರು ಓಡಿಸುವ ಕಾರು ನಿಂತಿತ್ತು, ಚೂಪು ಮುಖದ್ದು. ಅದರ ಪಕ್ಕದಲ್ಲಿ ಗುಂಡು ಮುಖದ್ದೊಂದು, ಚಕ್ರವಿಲ್ಲದೆ ಕಲ್ಲುಗಳ ಮೇಲೆ. ಬಾಗಿಲಿಲ್ಲ, ದೀಪವಿಲ್ಲ. ಒಳಗೆ ಕೋಳಿಯೊಂದು ಮೊಟ್ಟೆಗೆ ಕೂತಿತ್ತು.

"ಕಂಪನಿ ಮಾಡೋದು ನಿಲ್ಲಿಸ್ತು ಅಂತ ನಾವು ಓಡ್ಸೋದು ನಿಲ್ಸಕಾಯ್ತದಾ ಅಣ್ಣ? ಒಂದನ್ನ ಬಿಚ್ಚಿ ಇನ್ನೊಂದನ್ನ ಸಾಕ್ತಿದೀನಿ" ಎಂದರು, ಹೆಮ್ಮೆಯಿಂದ. ಅವರ ಕಾರನ್ನು ಅವರ ಮಗಳೂ ಆಗಾಗ ಸಕಲೇಶಪುರದ ಕಾಲೇಜಿಗೆ ಓಡಿಸಿಕೊಂಡು ಹೋಗುತ್ತಾಳಂತೆ. ನಮ್ಮದರ ಸುತ್ತ ನಡೆದು, ಬೆರಳಲ್ಲಿ ತಟ್ಟುತ್ತ ಹೋದರು. "ಬಾಗ್ಲು ಆಯ್ತದೆ. ಸೀಟು ಆಯ್ತದೆ. ಕನ್ನಡಿ ಹೊಸದು ಹಾಕ್ಸಿದೀರಾ, ಭೇಷ್. ಬಂಪರು ಆಗಲ್ಲ."

"ಇಂಜಿನ್ನು?"

"ನಮ್ಮದು ಡೀಸೆಲ್ಲಲ್ವಾ. ನಿಮ್ಮ ಇಂಜಿನ್ ಗುಜರಿಗೆ ಹೋಯ್ತದೆ."

ಒಂದು ದಿನವೂ ಕೈಕೊಟ್ಟಿರಲಿಲ್ಲ ಆ ಇಂಜಿನ್ನು. ನಾನು ಹೆದರಿದ್ದೆಲ್ಲ ಬಾಗಿಲು, ಕನ್ನಡಿ, ಬ್ರೇಕುಗಳಿಗೆ. ಕೆಡದೆ ಉಳಿದ ಅದೊಂದೇ ಯಾರಿಗೂ ಬೇಡವಾಗಿತ್ತು. ಮನೆಯವಳನ್ನು ಇನ್ನೊಂದು ಮಾತು ಕೇಳಬೇಕು ಎಂದೆ. ಬೆಳೆಗಾರರು ನನ್ನನ್ನೇ ನೋಡಿದರು, ಬೇಜಾರು ಮಾಡಿಕೊಳ್ಳಲಿಲ್ಲ. "ಕೇಳಿ ಅಣ್ಣ, ಕೇಳಿ. ನಾನೂ ಕೇಳ್ದೇನೇ ಮಾಡಲ್ಲ" ಎಂದು ಒಂದು ಚೀಲ ಕಾಫಿಪುಡಿ ಕೊಟ್ಟು ಕಳಿಸಿದರು.

ಸಂಜೆ ಆರೋಗ್ಯ ಕೇಂದ್ರದ ಮುಂದೆ ಕಾರು ನಿಲ್ಲಿಸಿಕೊಂಡು ಕೂತಿದ್ದೆ. ಬಸ್ಸಿಗೆಂದು ಬಿರಬಿರನೆ ಹೊರಬಂದವಳು ಗೇಟಿನಲ್ಲೇ ನಿಂತಳು.

"ಅವರು ಬೇಡ ಅಂದ್ರಾ?"

"ಇಂಜಿನ್ ಗುಜರಿಗೆ ಹಾಕ್ತಾರಂತೆ ಕಣೇ. ಕೊಡಲಿಲ್ಲ. ಕೊಡಲ್ಲ."

ಅವಳು ಹತ್ತಿರ ಬಂದು ಕಾರಿನ ಸುತ್ತ ಒಮ್ಮೆ ನಡೆದು, ಎಲ್ಲೂ ಗೀರು ಬಿದ್ದಿಲ್ಲ ತಾನೇ ಎಂದು ನೋಡಿಕೊಂಡಳು. "ಇಷ್ಟು ದೂರ ಒಬ್ಬರೇ ಬಂದ್ರಾ? ಎಷ್ಟನೇ ಗೇರಲ್ಲಿ?"

"ಮೂರರಲ್ಲಿ. ಬೇಲೂರಲ್ಲಿ ಎರಡು."

"ಅಯ್ಯೋ, ಪಾಪದ್ದು" ಎಂದಳು. ನನಗಲ್ಲ, ಕಾರಿಗೆ. "ಸರೀರಿ ಆ ಕಡೆ."

ಸೀಟನ್ನು ಮುಂದಕ್ಕೆಳೆದುಕೊಂಡು ಕೂತು, "ಹುಲಿಕೆರೆಯಲ್ಲಿ ಒಬ್ಬಳು ಬಾಣಂತಿ ಇದಾಳೆ, ಹತ್ತೇ ನಿಮಿಷ" ಎಂದಳು. ಹತ್ತು ನಿಮಿಷವೆಂದದ್ದು ಮುಕ್ಕಾಲು ಗಂಟೆಯಾಯಿತು. ಒಳಗಿಂದ ಮಗುವಿನ ಅಳುವೂ ಅವಳ ಗದರಿಕೆಯೂ ಕೇಳುತ್ತಿದ್ದವು. ನಾನು ಪಕ್ಕದ ಸೀಟಿನಲ್ಲಿ ಕೂತು, ಈ ಅಳತೆಯ ಟೈರು ಇನ್ನೆಷ್ಟು ವರ್ಷ ಸಿಕ್ಕೀತು ಎಂದು ಯೋಚಿಸುತ್ತಿದ್ದೆ.