ಇಬ್ಬರು ಮ್ಯಾನೇಜರುಗಳ ಮಧ್ಯಾಹ್ನ

ನನಗೆ ಕೆಲಸ ಕೊಟ್ಟವರು ಒಂದು ದೊಡ್ಡ ತಪ್ಪು ಮಾಡಿದರು. ಯಾರ ಧ್ವನಿಯನ್ನಾದರೂ ಅರ್ಧ ನಿಮಿಷದಲ್ಲಿ ಕದಿಯುವವನನ್ನು ಕರೆದು, ಎಲ್ಲರ ಗುರುತನ್ನೂ ಕಾಯುವ ಕುರ್ಚಿಯ ಮೇಲೆ ಕೂರಿಸಿದರು.

ಎರಡು ಸಾವಿರ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ತಿಪಟೂರಿನ ಹೊರವಲಯದಲ್ಲಿ ತೆಂಗಿನಕಾಯಿ ಪುಡಿ ಮಾಡುವ ಒಂದು ಕಾರ್ಖಾನೆ ಇತ್ತು. ಕಾಯಿ ಕೊಳ್ಳಲು ಅದಕ್ಕೆ ತುರುವೇಕೆರೆ, ಮಾಯಸಂದ್ರ, ಬಿಳಿಗೆರೆ, ಚಿಕ್ಕನಾಯಕನಹಳ್ಳಿಗಳಲ್ಲಿ ಒಂದೊಂದು ಕೇಂದ್ರ. ಅಲ್ಲಿಯವರೆಗೆ ಕೇಂದ್ರಕ್ಕೊಂದು ಕಂಪ್ಯೂಟರ್, ಕಂಪ್ಯೂಟರಿಗೊಂದು ಪಾಸ್‌ವರ್ಡ್, ಆ ಪಾಸ್‌ವರ್ಡ್ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ. ತೂಕ ಹಾಕುವವರು, ಲಾರಿ ಡ್ರೈವರು, ನೀರು ಕೇಳಿಕೊಂಡು ಬಂದ ದಾರಿಹೋಕರು, ಯಾರು ಬೇಕಾದರೂ ಓದಿಕೊಂಡು ಒಳಗೆ ಹೋಗಬಹುದಿತ್ತು.

ಇದನ್ನು ನೋಡಿ ಬೆಂಗಳೂರಿನ ಹೆಡ್ ಆಫೀಸಿನವರಿಗೆ ತಲೆ ತಿರುಗಿರಬೇಕು. ಒಂದು ಸಾಫ್ಟ್‌ವೇರ್ ತಂದರು. ಯಾರು ಯಾರು, ಯಾರು ಯಾವ ಬಾಗಿಲು ತೆಗೆಯಬಹುದು, ಯಾರು ತೂಕ ಬರೆಯಬಹುದು, ಯಾರು ರಜೆ ಕೊಡಬಹುದು ಎಂಬುದನ್ನೆಲ್ಲ ಅದೇ ತೀರ್ಮಾನಿಸುತ್ತಿತ್ತು. ಅದನ್ನು ನಡೆಸಲು ಒಂದೇ ಒಂದು ವೆಬ್ ಪುಟ, ಹೆಸರು ಪೋರ್ಟಲ್. ತಿಪಟೂರೂ ಸೇರಿ ಐದೂ ಊರಿನ ಜನ ಆ ಪುಟದಲ್ಲಿ ಸಾಲಾಗಿ ನಿಂತಿರುತ್ತಿದ್ದರು. ಹೆಸರಿನ ಮುಂದೆ ಹಸಿರು ಚುಕ್ಕೆ ಇದ್ದರೆ ಒಳಗೆ ಹೋಗಬಹುದು, ಕೆಂಪು ಇದ್ದರೆ ಬೀಗ. ಆ ಪುಟದ ಯಜಮಾನ ನಾನು. ಅರ್ಹತೆ: ಸೈಬರ್ ಕೆಫೆಯಲ್ಲಿ ಆರು ತಿಂಗಳು ಕೂತ ಅನುಭವ, ಜೊತೆಗೆ ಸಂದರ್ಶನಕ್ಕೆ ಬಂದ ಉಳಿದಿಬ್ಬರೂ ಮೌಸ್ ಹಿಡಿಯಲು ಹೆದರಿದ್ದು.

ಒಬ್ಬೊಬ್ಬರನ್ನೂ ಪೋರ್ಟಲಿಗೆ ಸೇರಿಸುವಾಗ ಒಂದು ಗುಟ್ಟಿನ ಪ್ರಶ್ನೆಗೆ ಉತ್ತರ ಬರೆಸಬೇಕಿತ್ತು. ಮುಂದೆ ಅವರು ಅವರೇ ಎಂದು ಖಾತ್ರಿ ಮಾಡಿಕೊಳ್ಳುವುದಕ್ಕೆ. ಪ್ರಶ್ನೆ, ‘ನಿಮಗೆ ಅತ್ಯಂತ ಇಷ್ಟವಾದ ತಿಂಡಿ ಯಾವುದು?’ ಕೇಳಿದವರೆಲ್ಲ ಕೈ ಒದರಿದರು. “ಕಾಯಿ ಲೋಡು ಬಂದೈತೆ, ತಿಂಡಿ ಕೇಳ್ತಾವ್ನೆ! ನೀನೇ ಏನಾದ್ರೂ ಬರ್ಕೊ ಬುಡು.” ನಮ್ಮ ಮ್ಯಾನೇಜರ್ ಕೂಡ ಲಾರಿಯ ಹಿಂದೆ ಓಡುತ್ತಲೇ, “ಬರ್ಕೊಳ್ಳಯ್ಯಾ, ನಿಂಗ್ ಗೊತ್ತಿಲ್ವಾ!” ಅಂದರು. ನನಗೆ ಗೊತ್ತಿರಲಿಲ್ಲ. ಆ ಹೊತ್ತಿಗೆ ನನ್ನ ಬಾಯಲ್ಲಿ ಕೊಬ್ಬರಿ ಮಿಠಾಯಿ ಇತ್ತು. ಎಲ್ಲರಿಗೂ ಅದನ್ನೇ ಬರೆದೆ. ಐದು ಊರಿನ ಅಷ್ಟೂ ಜನರ ಬಾಯಿರುಚಿಯನ್ನು ಒಂದೇ ಮಧ್ಯಾಹ್ನದಲ್ಲಿ ಸರಿಸಮ ಮಾಡಿದ ಖ್ಯಾತಿ ನನ್ನದು.

ಇನ್ನೊಂದು ತಲೆನೋವು ಪಾಸ್‌ವರ್ಡ್. ಅವರವರ ಪಾಸ್‌ವರ್ಡ್ ಅವರವರೇ ಇಟ್ಟುಕೊಳ್ಳಿ ಎಂದೆ. ಮುಕ್ಕಾಲು ಪಾಲು ಜನ ಮನೆದೇವರ ಹೆಸರು ಇಟ್ಟರು. ಅಷ್ಟಕ್ಕೆ ನಿಂತಿದ್ದರೆ ಚೆನ್ನಾಗಿತ್ತು, ಆದರೆ ಪೋರ್ಟಲ್ ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಾಯಿಸಿ ಎಂದು ಹಟ ಹಿಡಿಯುತ್ತಿತ್ತು.

ಮಾಯಸಂದ್ರ ಕೇಂದ್ರದ ಕ್ಲರ್ಕ್ ಒಬ್ಬ ಅಕ್ಕ. ಚಪ್ಪಲಿ ಕಳಚಿಟ್ಟು ಆಮೇಲೆ ಪಾಸ್‌ವರ್ಡ್ ಒತ್ತುವಷ್ಟು ಭಕ್ತಿ. ಮನೆ ತುರುವೇಕೆರೆಯಲ್ಲಿ. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಮಾಯಸಂದ್ರಕ್ಕೆ ಬರಬೇಕು, ಸಂಜೆ ಬಸ್ಸು ಸಿಕ್ಕರೆ ಏಳಕ್ಕೆ ಮನೆ. ಎರಡನೇ ಕ್ಲಾಸಿನ ಮಗಳು ಸ್ಕೂಲು ಬಿಟ್ಟ ಮೇಲೆ ಅಲ್ಲಿಯವರೆಗೆ ಪಕ್ಕದ ಮನೆಯ ಜಗಲಿಯ ಮೇಲೆ ಬ್ಯಾಗು ತಬ್ಬಿಕೊಂಡು ಕೂತಿರುತ್ತಿದ್ದಳು. ಅದೇ ತುರುವೇಕೆರೆ ಕೇಂದ್ರದಲ್ಲಿ ಒಂದು ಜಾಗ ಖಾಲಿಯಾಯಿತು. ವರ್ಗಾವಣೆ ಬೇಕಾದವರು ಪೋರ್ಟಲಿನಲ್ಲಿ ತಮ್ಮದೇ ಲಾಗಿನ್‌ನಿಂದ ಅರ್ಜಿ ಹಾಕಬೇಕು, ಶುಕ್ರವಾರ ಸಂಜೆ ಐದು ಗಂಟೆಯೊಳಗೆ.

ಶುಕ್ರವಾರ ಮೂರು ಗಂಟೆಗೆ ಅಕ್ಕನ ಫೋನು.

“ತಮ್ಮಾ, ನನ್ ಒಳಗೇ ಬಿಡ್ತಿಲ್ಲ ಕಣಪ್ಪ. ಮೂರು ಸಲ ಒತ್ತಿದೆ. ಈಗ ಬೀಗ ಹಾಕ್ಕೊಂಡ್ಬುಡ್ತು.”

“ಪಾಸ್‌ವರ್ಡ್ ಬದಲಾಯಿಸಿ ಅಂತ ಎರಡು ವಾರದಿಂದ ಬಡ್ಕೊತಿದೀನಲ್ಲಕ್ಕಾ!”

“ತಿಂಗಳಿಗೊಂದ್ಸಲ ಮನೆದೇವ್ರನ್ನ ಬದಲಾಯಿಸೋಕಾಯ್ತದಾ? ಏನಂತ ಮಾತಾಡ್ತೀಯೋ!”

ಸುಮ್ಮನೆ ಅವಳ ಬೀಗ ತೆಗೆದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಪಾಠ ಹೇಳುವ ಚಟ. ಅಕ್ಕನ ಧ್ವನಿಯನ್ನೇ ಮಾಡಿಕೊಂಡು, “ನೋಡಪ್ಪಾ, ನಾನ್ ಹಿಂಗೆ ತಪ್ಪೊತ್ತಿದೆ, ಒಂದು. ಹಿಂಗೆ, ಎರಡು. ಆಮೇಲೆ ಹಿಂಗೆ...” ಎಂದು ನನ್ನದೇ ಲಾಗಿನ್‌ನಿಂದ ಹೊರಗೆ ಬಂದು ಮೂರು ಸಲ ತಪ್ಪು ಪಾಸ್‌ವರ್ಡ್ ಒತ್ತಿ ತೋರಿಸಿದೆ. ಫೋನಿನಲ್ಲಿದ್ದವಳಿಗೆ ನನ್ನ ತೆರೆ ಕಾಣುವುದಿಲ್ಲ ಎಂಬುದು ಹೊಳೆಯುವ ಹೊತ್ತಿಗೆ ನನಗೂ ಬೀಗ ಬಿದ್ದಿತ್ತು.

“ಯಾಕಪ್ಪಾ, ಮಾತೇ ನಿಂತೋಯ್ತು?” ಅಂದಳು ಅಕ್ಕ.

“ಏನಿಲ್ಲಕ್ಕಾ, ಐದು ನಿಮಿಷ” ಎಂದು ಫೋನಿಟ್ಟೆ.

ಐದು ನಿಮಿಷದ ಕೆಲಸವಲ್ಲ ಎಂದು ನನಗೇ ಗೊತ್ತಿತ್ತು. ನನ್ನ ಬೀಗ ತೆಗೆಯಬೇಕಾದರೆ ನಮ್ಮ ಮ್ಯಾನೇಜರ್ ಖುದ್ದಾಗಿ ಹೆಡ್ ಆಫೀಸಿಗೆ ಫೋನ್ ಮಾಡಿ, ತಮ್ಮ ಗುಟ್ಟಿನ ಪ್ರಶ್ನೆಗೆ ಉತ್ತರ ಹೇಳಬೇಕು. ಮ್ಯಾನೇಜರ್ ಬಿಳಿಗೆರೆಗೆ ಹೋಗಿದ್ದರು. ಬಿಳಿಗೆರೆ ಕೇಂದ್ರಕ್ಕೆ ಫೋನ್ ಮಾಡಿದೆ. ಯಾರದೋ ತೋಟದಲ್ಲಿ ಕಾಯಿ ನೋಡ್ತಾವ್ರೆ, ಬಂದ ತಕ್ಷಣ ಹೇಳ್ತೀವಿ ಎಂದರು. ಮೊಬೈಲಿಗೆ ಮಾಡಿದರೆ ಸಿಗ್ನಲ್ ಇಲ್ಲ. ತೆಂಗಿನ ಗರಿಗಳ ಕೆಳಗೆ ನಿಂತ ಮನುಷ್ಯನನ್ನು ಆ ಕಾಲದ ಯಾವ ಟವರೂ ಹುಡುಕುತ್ತಿರಲಿಲ್ಲ.

ಮೂರೂವರೆ ಆಯಿತು. ನಾಲ್ಕಾಯಿತು. ಅಕ್ಕ ಹತ್ತು ನಿಮಿಷಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. ಬೈಯುತ್ತಿರಲಿಲ್ಲ. “ಆಯ್ತಾ ತಮ್ಮಾ?” ಎಂದಷ್ಟೇ ಕೇಳುತ್ತಿದ್ದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನಾಲ್ಕು ಇಪ್ಪತ್ತಕ್ಕೆ ಬಾಗಿಲು ಹಾಕಿಕೊಂಡೆ. ನಮ್ಮ ಮ್ಯಾನೇಜರ್ ಮಾತಿಗೆ ಮೊದಲು ಎರಡು ಸಲ ಗಂಟಲು ಸರಿಮಾಡಿಕೊಳ್ಳುತ್ತಾರೆ. ‘ಆಯ್ತಪ್ಪಾ, ಅದಿರ್ಲಿ’ ಎಂದು ಶುರು ಮಾಡುತ್ತಾರೆ, ಇನ್ನೂ ಏನೂ ಆಗಿರದಿದ್ದರೂ. ಮೂಗಿನಲ್ಲಿ ಸದಾ ಶೀತ. ಕ್ಯಾಂಟೀನಿನಲ್ಲಿ ಈ ಧ್ವನಿ ತೆಗೆದು ಎಷ್ಟು ಸಲ ಚಪ್ಪಾಳೆ ಗಿಟ್ಟಿಸಿದ್ದೆನೋ. ಹೆಡ್ ಆಫೀಸಿನ ನಂಬರ್ ಒತ್ತಿದೆ.

“ಹ್ರೂಂ, ಹ್ರೂಂ. ಆಯ್ತಪ್ಪಾ, ಅದಿರ್ಲಿ. ನಾನು ತಿಪಟೂರು ಮ್ಯಾನೇಜರು. ನಮ್ ಹುಡ್ಗ ಪೆದ್ದು ಮುಂಡೇದು, ಬೀಗ ಹಾಕ್ಕೊಂಡು ಕೂತವ್ನೆ. ತೆಗೀರಿ.”

ನನ್ನನ್ನು ನಾನೇ ಬೈದುಕೊಂಡದ್ದು ಚೆನ್ನಾಗಿ ಕೂತಿತು. ಆ ಕಡೆಯ ಸಾಫ್ಟ್‌ವೇರ್ ವಿಭಾಗದವರು, “ಖಂಡಿತ ಸಾರ್” ಎಂದರು. ಅಷ್ಟರಲ್ಲಿ ಅವರ ಮೇಜಿನ ಇನ್ನೊಂದು ಫೋನು ಬಡಿದುಕೊಂಡಿತು. “ಒಂದ್ನಿಮಿಷ ಇರಿ ಸಾರ್” ಎಂದು ಅದನ್ನೂ ಎತ್ತಿಕೊಂಡರು. ಅದರಲ್ಲಿ ಅವರು ಕೇಳಿದ ಮಾತು ನನಗೂ ಕೇಳಿಸಿತು.

“ಯಾರು? ತಿಪಟೂರು ಮ್ಯಾನೇಜರ್ರಾ?”

ತೋಟದಿಂದ ಬಂದ ನಮ್ಮ ಸಾಹೇಬರಿಗೆ ಬಿಳಿಗೆರೆಯವರು ಸುದ್ದಿ ಮುಟ್ಟಿಸಿದ್ದರು. ಅವರು ಕೈಕಾಲು ಕೂಡ ತೊಳೆಯದೆ, ನನಗೋಸ್ಕರವೇ, ಅಲ್ಲಿನ ಫೋನಿನಿಂದ ಬೆಂಗಳೂರಿಗೆ ಮಾಡಿದ್ದರು. ಈಗ ಆ ಪುಣ್ಯಾತ್ಮರ ಬಲಗಿವಿಯಲ್ಲಿ ಒಬ್ಬ ಮ್ಯಾನೇಜರ್, ಎಡಗಿವಿಯಲ್ಲಿ ಇನ್ನೊಬ್ಬ ಮ್ಯಾನೇಜರ್. ಇಬ್ಬರಿಗೂ ಶೀತ. ಇಬ್ಬರೂ ‘ಅದಿರ್ಲಿ’ ಅನ್ನುವವರು.

ಆ ಕಡೆಯವರು ಬುದ್ಧಿವಂತರು. “ಇಬ್ರಿಗೂ ಒಂದೇ ಪ್ರಶ್ನೆ” ಎಂದರು. “ನಿಮಗೆ ಅತ್ಯಂತ ಇಷ್ಟವಾದ ತಿಂಡಿ ಯಾವುದು?”

ನನಗೆ ಉತ್ತರ ಗೊತ್ತಿತ್ತು. ಬರೆದವನೇ ನಾನು. “ಹ್ರೂಂ, ಕೊಬ್ಬರಿ ಮಿಠಾಯಿ” ಎಂದೆ.

ಇನ್ನೊಂದು ಫೋನಿನಿಂದ ಬರುತ್ತಿದ್ದ ಉತ್ತರಗಳನ್ನು ಅವರು ಜೋರಾಗಿ ತಾವೇ ಹೇಳಿಕೊಳ್ಳುತ್ತಿದ್ದರು. “ಅಕ್ಕಿರೊಟ್ಟಿ? ಅಲ್ಲ ಸಾರ್. ತಟ್ಟೆ ಇಡ್ಲಿ? ಅದೂ ಅಲ್ಲ. ನನ್ ತಿಂಡಿ ಕಟ್ಕೊಂಡು ನಿಮಗೇನಾಗ್ಬೇಕು ಅಂದ್ರೆ ಹೇಗೆ ಸಾರ್? ಮೂರು ಸಲ ತಪ್ಪು. ನೀವು ಯಾರೋ ನಕಲಿ. ಇಡಿ ಫೋನು.” ಆಮೇಲೆ ನನ್ನ ಕಡೆ ತಿರುಗಿ, “ಸಾರಿ ಸಾರ್, ಯಾರೋ ನಿಮ್ಮ ಥರಾನೇ ಮಾತಾಡ್ತಿದ್ದ. ಅಷ್ಟೇನೂ ಚೆನ್ನಾಗಿರಲಿಲ್ಲ ಬಿಡಿ. ನಿಮ್ಮ ಹುಡುಗನ ಬೀಗ ತೆಗೆದಿದ್ದೀನಿ. ಒಂದು ಮುನ್ನೆಚ್ಚರಿಕೆಗೆ ನಿಮ್ಮ ಲಾಗಿನ್ನನ್ನ ಮುಚ್ಚಿದ್ದೀನಿ” ಎಂದರು.

ನಗಬೇಕೋ ಅಳಬೇಕೋ ಯೋಚಿಸಲು ಸಮಯವಿರಲಿಲ್ಲ. ಗಂಟೆ ನಾಲ್ಕು ಮೂವತ್ತೈದು. ಅಕ್ಕನ ಕೆಂಪು ಚುಕ್ಕೆ ಒತ್ತಿ ಹಸಿರು ಮಾಡಿ ಅವಳಿಗೆ ಫೋನ್ ಮಾಡಿದೆ.

“ಅಕ್ಕಾ, ಬಾಗಿಲು ತೆಗೆದೈತೆ. ಆದ್ರೆ ಹೊಸ ಪಾಸ್‌ವರ್ಡ್ ಇಡ್ಲೇಬೇಕು. ಕೈ ಮುಗೀತೀನಿ, ಬೇರೆ ಏನಾದ್ರೂ ಇಡಿ. ಮಗಳ ಹೆಸರಿಡಿ, ಎಮ್ಮೆ ಹೆಸರಿಡಿ.”

“ದೇವ್ರ ಜಾಗದಲ್ಲಿ ಎಮ್ಮೆನಾ? ಬಾಯಿಗೆ ಮಣ್ಣಾಕ!” ಗಡಿಯಾರ ನಾಲ್ಕು ನಲವತ್ತೈದು ದಾಟಿತು. “ತಡಿ. ಈ ಮನೆ ದೇವ್ರನ್ನ ತೆಗೆಯೋಕಾಗಲ್ಲ, ಸರಿ. ಆದ್ರೆ ನನ್ ತವರುಮನೆಗೂ ಒಂದು ದೇವ್ರೈತಲ್ಲ? ಒಂದು ತಿಂಗ್ಳು ಅವ್ರು ಬಂದು ಇದ್ದು ಹೋಗ್ಲಿ. ಬೀಗರಲ್ವಾ, ಬೇಜಾರು ಮಾಡ್ಕೊಳಲ್ಲ.”

ಕೀಲಿಮಣೆಯ ಸದ್ದು ಫೋನಿನಲ್ಲಿ ಒಂದೊಂದಾಗಿ ಕೇಳಿಸಿತು, ಅಕ್ಷರಕ್ಕೊಂದು ನಿಟ್ಟುಸಿರು. ಐದಕ್ಕೆ ಏಳು ನಿಮಿಷವಿದೆ ಎನ್ನುವಾಗ ಅರ್ಜಿ ನನ್ನ ಪುಟದಲ್ಲಿ ಕಾಣಿಸಿತು.

ಐದೂವರೆಗೆ ಮ್ಯಾನೇಜರ್ ಬಂದರು. ಶರ್ಟಿನ ತುಂಬ ತೆಂಗಿನ ನಾರು.

“ಲೇ, ನಾನು ನಾನಲ್ವಂತೆ ಕಣ್ಲಾ! ಬೆಂಗಳೂರಿಂದ ಹೇಳ್ತಾವ್ನೆ! ಇಪ್ಪತ್ತು ವರ್ಷ ಸರ್ವೀಸು!”

ಹೇಳದೆ ಇದ್ದುಬಿಡಬಹುದಿತ್ತು. ಹೇಳಿದರೆ ನನ್ನ ಕೆಲಸ ಹೋಗಬಹುದು, ಅದು ಪರವಾಗಿಲ್ಲ. ಆದರೆ ಮೋಸದಿಂದ ತೆಗೆದ ಬೀಗವೆಂದು ಅಕ್ಕನ ಅರ್ಜಿಯನ್ನೂ ಕಿತ್ತು ಹಾಕಿಬಿಟ್ಟರೆ? ಹೇಳದಿದ್ದರೆ ಈ ಮನುಷ್ಯ ನಾಳೆಯಿಂದ ತನ್ನದೇ ಆಫೀಸಿನಲ್ಲಿ ಅಪರಿಚಿತ. ಅವರು ಕೈಕಾಲೂ ತೊಳೆಯದೆ ನನಗೋಸ್ಕರ ಫೋನ್ ಮಾಡಿದವರು. ಹೇಳಿದೆ. ಮೊದಲಿಂದ ಕೊನೆಯವರೆಗೆ, ಮಿಠಾಯಿಯನ್ನೂ ಸೇರಿಸಿ.

ಅವರು ಕುರ್ಚಿ ಎಳೆದುಕೊಂಡು ಕೂತರು. ಆಮೇಲೆ, “ಎಲ್ಲಿ, ಮಾಡು ನೋಡಣ” ಎಂದರು.

‘ಹ್ರೂಂ, ಹ್ರೂಂ. ಆಯ್ತಪ್ಪಾ, ಅದಿರ್ಲಿ’ ಎಂದು ಮಾಡಿ ತೋರಿಸಿದೆ.

“ನಾನು ಹಿಂಗಾ ಮಾತಾಡೋದು?”

ಪಾಳಿ ಮುಗಿಸಿ ಹೊರಟಿದ್ದ ಕಾಯಿ ಹೆರೆಯುವ ಹೆಂಗಸರು ಕಿಟಕಿಯ ಆಚೆ ನಿಂತಿದ್ದರು. “ಹಂಗೇ ಕಣ್ರೀ ಸಾರ್! ಒಂದ್ಚೂರೂ ಯತ್ವಾಸ ಇಲ್ಲ!” ಎಂದು ಒಂದೇ ಬಾಯಲ್ಲಿ ಕೂಗಿದರು. ಮ್ಯಾನೇಜರ್ ನಗು ತಡೆದುಕೊಳ್ಳಲು ಎರಡು ಸಲ ಗಂಟಲು ಸರಿಮಾಡಿಕೊಂಡರು, ಅದಕ್ಕೆ ಹೊರಗಿನವರು ಇನ್ನಷ್ಟು ನಕ್ಕರು.

ಅವರು ನನ್ನ ಮುಂದೆಯೇ ಹೆಡ್ ಆಫೀಸಿಗೆ ಫೋನ್ ಮಾಡಿದರು. ತಿಂಡಿಯ ಪ್ರಶ್ನೆ ಬಂದಾಗ ನನ್ನನ್ನು ಸುಟ್ಟುಬಿಡುವಂತೆ ನೋಡುತ್ತಾ, ಸಕ್ಕರೆ ಕಾಯಿಲೆಯ ಆ ಮನುಷ್ಯ, “ಕೊಬ್ಬರಿ ಮಿಠಾಯಿ” ಎಂದರು. ಆಮೇಲೆ ಎಲ್ಲವನ್ನೂ ನೇರವಾಗಿ ಹೇಳಿದರು. “ಮಧ್ಯಾಹ್ನ ಮಾತಾಡಿದ್ದು ನಮ್ ಹುಡ್ಗ. ತಪ್ಪು ಅವನ್ದು, ಅವನಿಗೆ ಏನ್ ಮಾಡ್ಬೇಕೋ ಮಾಡಿ. ಆದ್ರೆ ಮಾಯಸಂದ್ರದ ಅಮ್ಮ ಅವಳ ಲಾಗಿನ್‌ನಿಂದ, ಅವಳ ಕೈಯಾರೆ ಅರ್ಜಿ ಹಾಕವಳೆ. ಅದನ್ನ ಮುಟ್ಟಬ್ಯಾಡಿ. ಮುಟ್ಟೋದಾದ್ರೆ ನನ್ ಕೇಳಿ ಮುಟ್ಟಿ.”

ಹೆಡ್ ಆಫೀಸಿನವರು ಮ್ಯಾನೇಜರ್ ಲಾಗಿನ್ ತೆರೆದರು, ಪೋರ್ಟಲಿನಿಂದ ನನ್ನನ್ನು ಇಳಿಸಿದರು. ನಾಲ್ಕೂ ಕೇಂದ್ರಕ್ಕೆ ಬಸ್ಸಿನಲ್ಲಿ ಹೋಗಿ, ಒಬ್ಬೊಬ್ಬರ ಮುಂದೆ ಕೂತು, ಅವರ ನಿಜವಾದ ಉತ್ತರವನ್ನು ಅವರಿಂದಲೇ ಒತ್ತಿಸಿಕೊಂಡು ಬರಬೇಕೆಂಬ ಶಿಕ್ಷೆ. ಅವರು ಒತ್ತುವಾಗ ನಾನು ಗೋಡೆ ನೋಡುತ್ತಾ ನಿಲ್ಲಬೇಕು. ಚಿಕ್ಕನಾಯಕನಹಳ್ಳಿಯಲ್ಲಿ ಒಬ್ಬರು ಇಷ್ಟದ ತಿಂಡಿ ಯಾವುದೆಂದು ತೀರ್ಮಾನಿಸಲು ಮುಕ್ಕಾಲು ಗಂಟೆ ತೆಗೆದುಕೊಂಡರು. ಮನೆಗೆ ಫೋನ್ ಮಾಡಿ ಹೆಂಡತಿಯ ಸಲಹೆಯನ್ನೂ ಕೇಳಿದರು.

ಮಾಯಸಂದ್ರಕ್ಕೆ ಹೋದದ್ದು ಹನ್ನೆರಡನೇ ದಿನ. ನಾನು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದೆ. ಹಿಂದಿನಿಂದ ಒತ್ತುವ ಸದ್ದು ನಿಂತುಹೋಯಿತು.

“ತಮ್ಮಾ, ಪಟ್ಟಿ ಬಂದೈತೆ.”

ತಿರುಗಿ ನೋಡಿದೆ. ವರ್ಗಾವಣೆ ಪಟ್ಟಿ. ತುರುವೇಕೆರೆ ಎಂಬುದರ ಮುಂದೆ ಅಕ್ಕನ ಹೆಸರು. ಅವಳು ಬೆರಳಿಟ್ಟು ಓದಿದಳು, ತೆರೆ ಒರೆಸಿ ಮತ್ತೆ ಓದಿದಳು.

“ಅಲ್ಲಿ ಆಫೀಸಿಂದ ನಮ್ಮನೇಗೆ ಏಳು ನಿಮಿಷ” ಅಂದಳು. “ಹೋದ ಭಾನುವಾರ ನಡೆದು ನೋಡಿವ್ನಿ. ಮಗಳ ಜೊತೆ ಬಂದ್ರೆ ಹತ್ತು, ಅವಳು ದಾರಿ ಉದ್ದಕ್ಕೂ ಕಲ್ಲು ಆಯ್ತಾಳೆ.”

“ಆರ್ಡರು ಸೋಮವಾರದಿಂದ ಕಣಕ್ಕಾ.”

“ಗೊತ್ತು ಬುಡು. ಇವತ್ತು ಅರ್ಧ ದಿನ ರಜ ಹಾಕ್ತೀನಿ. ಮೂರೂಕಾಲರ ಬಸ್ಸು ಸಿಕ್ಕಿದ್ರೆ ಸ್ಕೂಲ್ ಬಿಡೋ ಹೊತ್ಗೆ ಗೇಟತ್ರ ಇರ್ತೀನಿ.”

ರಜೆ ಎಲ್ಲಿ ಹಾಕಬೇಕೆಂದು ತೋರಿಸಲು ನಾನು ಕೈ ಮುಂದೆ ಚಾಚಿದೆ. ಅವಳು ಆ ಕೈಯನ್ನು ಪಕ್ಕಕ್ಕೆ ತಳ್ಳಿ, ತಾನೇ ಪುಟ ತೆರೆದು, ತಾನೇ ತುಂಬಿ, ತಾನೇ ಕಳಿಸಿ, ಚಪ್ಪಲಿ ಮೆಟ್ಟಿಕೊಂಡು ರಸ್ತೆಗೆ ಓಡಿದಳು.