ಮೇಷ್ಟ್ರ ಆಂಪ್ಲಿಫೈಯರ್‌ಗೊಂದು ಸರ್ಜ್ ಪ್ರೊಟೆಕ್ಟರ್

ಕೋವಿಡ್ ಹಾವಳಿ ತಗ್ಗಿದ ಮರುವರ್ಷ. ನಾನಾಗ ಕೋಲಾರದ ಆಡಿಯೊ ಸರ್ವೀಸ್ ಸೆಂಟರೊಂದರಲ್ಲಿ ಹಿರಿಯ ತಂತ್ರಜ್ಞ. ಬೇಸಿಗೆಯ ಗುಡುಗು ಮಳೆ ಶುರುವಾಯಿತೆಂದರೆ ಸುಟ್ಟುಹೋದ ಸೆಟ್ಟುಗಳು ನಮ್ಮ ಮೇಜಿನ ಮೇಲೆ ಸಾಲುಗಟ್ಟುತ್ತಿದ್ದವು.

ಆ ಸಲ ಬಂದವುಗಳಲ್ಲಿ ಕ್ಯಾಲನೂರಿನ ನಾರಾಯಣಪ್ಪ ಮೇಷ್ಟ್ರ ಹಳೆಯ ಆಂಪ್ಲಿಫೈಯರ್ ಕೂಡ ಇತ್ತು. ಸಂಗೀತ ಕಲಿಸಿ ನಿವೃತ್ತರಾದವರು. ಗ್ಲಾಕೋಮದಿಂದ ದೃಷ್ಟಿ ಪೂರ್ತಿ ಹೋಗಿತ್ತು. ಮನೆಗೆ ಬರುವ ಶಿಷ್ಯರಿಗೆ ರೆಕಾರ್ಡ್ ಹಾಕಿ ಕೇಳಿಸುತ್ತಲೇ ಪಾಠ ಹೇಳುತ್ತಿದ್ದರು. ರಿಪೇರಿಯಾದ ಸೆಟ್ ಒಯ್ಯಲು ಹೆಂಡತಿ ರತ್ನಮ್ಮನವರ ಕೈ ಹಿಡಿದು ಬಂದರು.

“ಇನ್ನೊಂದ್ಸಲ ಸುಟ್ಟೋದ್ರೆ ಇದರ ಪಾರ್ಟು ಸಿಗಲ್ಲ ಅಂತೀರಿ. ಒಳ್ಳೇ ಸರ್ಜ್ ಪ್ರೊಟೆಕ್ಟರ್ ನೀವೇ ಆರಿಸಿಕೊಡಿ ಸಾರ್,” ಎಂದರು ಮೇಷ್ಟ್ರು.

ಅವರ ಮನೆಯಲ್ಲಿದ್ದದ್ದು ಸ್ವಿಚ್ಚಿನ ಎಕ್ಸ್‌ಟೆನ್ಷನ್ ಬೋರ್ಡು ಮಾತ್ರ. ವೋಲ್ಟೇಜ್ ದಿಢೀರನೆ ಏರಿದಾಗ ಸೆಟ್ಟನ್ನು ಕಾಯುವ ನಿಜವಾದ ಪ್ರೊಟೆಕ್ಟರಿನಲ್ಲಿ ಜೂಲ್ ರೇಟಿಂಗ್ ನೋಡಬೇಕು, ಅಂದರೆ ಎಷ್ಟು ಶಕ್ತಿಯ ಹೊಡೆತ ತಡೆದುಕೊಳ್ಳುತ್ತದೆ ಎಂಬುದು. ಅದು ಹೆಚ್ಚಿದ್ದಷ್ಟೂ ಒಳ್ಳೆಯದು. ಕ್ಲ್ಯಾಂಪಿಂಗ್ ವೋಲ್ಟೇಜ್, ಅಂದರೆ ಅದು ತಡೆಯಲು ಶುರುಮಾಡುವ ಮಟ್ಟ, ಆದಷ್ಟು ಕಡಿಮೆ ಇರಬೇಕು. ರಕ್ಷಣೆ ಇನ್ನೂ ಉಳಿದಿದೆಯೇ ಎಂದು ತಿಳಿಸುವ ದೀಪವೂ ಬೇಕು. ಇದನ್ನೆಲ್ಲ ಹೇಳಿ ಎರಡು ಸಾವಿರ ಜೂಲಿನದೊಂದನ್ನು ಆರಿಸಿದೆ.

ಪ್ಯಾಕ್ ಮಾಡುತ್ತ, ಸೆಟ್ ಹೇಗೆ ನಡೆಸುತ್ತೀರಿ ಎಂದು ಸುಮ್ಮನೆ ಕೇಳಿದೆ.

“ಬೆರಳಲ್ಲೇ ಸಾರ್, ನಾಬ್ ಸವರಿ ಗುರುತು ಹಿಡೀತೀನಿ. ಬರಿಗಾಲಲ್ಲಿದ್ರೆ ವಸಿ ಜುಮ್ ಅಂತದೆ. ಹಳೇ ಸೆಟ್ಟು, ಅಂಗೇ ಇರಬೇಕು ಅಂದ್ಕೊಂಡಿದ್ದೆ.”

ಜುಮ್ಮೆನ್ನುವುದೆಂದರೆ ಸೆಟ್ಟಿನ ಮೈಗೆ ಕರೆಂಟು ಸೋರುತ್ತಿದೆ, ನೆಲಕ್ಕಿಳಿಯಲು ಅದಕ್ಕೆ ಅರ್ಥಿಂಗಿನ ದಾರಿ ಇಲ್ಲ ಎಂದರ್ಥ. ಪ್ಯಾಕೆಟ್ ಕೊಡದೆ ಅವರ ಜೊತೆಗೇ ಆಟೊ ಹತ್ತಿದೆ.

ಮನೆಯಲ್ಲಿ ಪ್ರೊಟೆಕ್ಟರ್ ಚುಚ್ಚಿದರೆ, ಅರ್ಥಿಂಗ್ ಸರಿಯಿದೆ ಎಂದು ತೋರಿಸುವ ಅದರ ಇನ್ನೊಂದು ದೀಪ ಹತ್ತಲೇ ಇಲ್ಲ. ಆಂಪ್ಲಿಫೈಯರಿನ ಲೋಹದ ಮೈಗೂ ನೆಲಕ್ಕೂ ಮೀಟರ್ ಹಿಡಿದೆ; ನೂರು ವೋಲ್ಟ್ ದಾಟಿತು. ಒಳಗೆ ಒಂದು ವೈರ್ ಸಡಿಲಗೊಂಡು ಮೈಗೆ ತಾಗಿದ್ದರೆ, ಇನ್ನೂರ ಮೂವತ್ತು ವೋಲ್ಟ್ ನೇರ ಆ ಬೆರಳುಗಳಿಗೇ. ಹಿತ್ತಲಿಗೆ ಹೋಗಿ ನೋಡಿದರೆ ಅರ್ಥ್ ಪೈಪಿನ ತಂತಿ ತುಂಡಾಗಿತ್ತು.

“ಅಯ್ಯೋ, ಹೊಸ ಬಚ್ಚಲಿಗೆ ಪಾಯ ತೋಡಿದಾಗ ಕಿತ್ತೋಯ್ತೇನೋ! ದಿನಾ ಅದರ ಮುಂದೇನೇ ಕೂತಿರ್ತಾರಲ್ಲ ಸಾರ್!” ರತ್ನಮ್ಮ ಗಂಡನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಸೆಟ್ಟಿನ ಪ್ಲಗ್ ಕಿತ್ತಿಟ್ಟು ಬಂದೆ. ಪರಿಚಯದ ಎಲೆಕ್ಟ್ರಿಷಿಯನ್ ಹೊಸ ಅರ್ಥ್ ಗುಂಡಿ ತೆಗೆದ ಮೇಲೆಯೇ ಎಲ್ಲವನ್ನೂ ಜೋಡಿಸಿದೆ. ಮೇಷ್ಟ್ರು ಬರಿಗಾಲಲ್ಲಿ ನಿಂತು, ಹೆದರುತ್ತ ನಾಬ್ ಮುಟ್ಟಿದರು. ಆಮೇಲೆ ಇಡೀ ಅಂಗೈಯನ್ನು ಸೆಟ್ಟಿನ ಮೇಲಿಟ್ಟರು.

“ಏನೂ ಇಲ್ಲ ಕಣೇ! ತಣ್ಣಗದೆ!”

ಮಳೆಗಾಲದಲ್ಲಿ ರತ್ನಮ್ಮನವರ ಫೋನ್ ಬಂತು. ಹತ್ತಿರದಲ್ಲೆಲ್ಲೋ ಸಿಡಿಲು ಬಡಿದು ಪ್ರೊಟೆಕ್ಟರಿನ ಹಸಿರು ದೀಪ ಆರಿಹೋಗಿತ್ತಂತೆ. ಆಂಪ್ಲಿಫೈಯರ್ ಏನಾಯಿತು ಎಂದು ನಾನು ಕೇಳುವುದರೊಳಗೆ ಹಿನ್ನೆಲೆಯಲ್ಲಿ ಪಿಟೀಲು ಕೇಳಿಸಿತು. ಈಗ ಸರಿಯಾಗಿದ್ದ ಅರ್ಥ್ ತಂತಿಯ ಮೂಲಕ ಹೊಡೆತವನ್ನು ನೆಲಕ್ಕೆ ಸಾಗಹಾಕಿ ಪ್ರೊಟೆಕ್ಟರ್ ತಾನು ಸತ್ತಿತ್ತು. ಬೇರೆಯದನ್ನು ಹಾಕಿಕೊಟ್ಟು, ಗುಡುಗು ಕೇಳಿದೊಡನೆ ಪ್ಲಗ್ ಕೀಳಿ, ಸಿಡಿಲು ನೇರ ಬಡಿದರೆ ಇದೂ ಉಳಿಸದು ಎಂದು ಎಚ್ಚರಿಸಿದೆ.

ಇಂದಿಗೂ ಯಾರಾದರೂ ಸರ್ಜ್ ಪ್ರೊಟೆಕ್ಟರ್ ಕೇಳಿದರೆ ಶೆಲ್ಫಿನ ಕಡೆ ತಿರುಗುವ ಮೊದಲು ವಿಚಾರಿಸುತ್ತೇನೆ: “ಸೆಟ್ ಮುಟ್ಟಿದರೆ ಕೈಗೆ ಏನಾದರೂ ಅನ್ನಿಸುತ್ತಾ?” ಆ ಉತ್ತರದಲ್ಲಿ ಕಾಪಾಡಬೇಕಾದ ಜೀವವೊಂದಿರಬಹುದು ಎಂಬುದನ್ನು ಈ ಕೆಲಸ ನನಗೆ ಕಲಿಸಿದೆ.